ಯಾವ ಭಟ್ಟಿಯದು

ಬೆಂಗ್ರೆಯ ಇದಿನಬ್ಬನ ಬಲೆಗೆ ಅವತ್ತು
ಬಂಗುಡೆ ಅಷ್ಟಕ್ಕಷ್ಟೆ. ಒಂದು ಹಂಚು ಬಂತು.
ದಡ ಕಾಣದಷ್ಟು ದೂರ, ನಲವತ್ತು ಮಾರು ನೀರು,
ಅಲ್ಲಿ ಯಾರ ಮನೆ? ಯಾರ ಮಾಡು?
ಚಿಪ್ಪು ಕಚ್ಚಿದ ಬೆನ್ನು, ಒಂದು ಮೂಲೆ ಮುಕ್ಕು.
ಬಿಸಾಡಲು ಕೈ ಬರಲಿಲ್ಲವಂತೆ.
ಮಗಳ ಚೀಲದಲ್ಲಿಟ್ಟು ಕಳಿಸಿದ:
"ನಿಮ್ಮ ಟೀಚರಿಗೆ ಕೊಡು, ಅವರ ಅಜ್ಜಿ ಹಂಚಿನವರು."

ನಾನು ಆ ವಾರ ಮಾಡುತ್ತಿದ್ದ ಪಾಠ ಬೇರೆ.
ಗ್ಯಾಲಕ್ಸಿಗಳ ನಡುವಿನ ಬಯಲಲ್ಲಿ
ಯಾರ ಲೆಕ್ಕಕ್ಕೂ ಸೇರದೆ ತೇಲುವ ನಕ್ಷತ್ರಗುಚ್ಛಗಳು.
ಲಕ್ಷಾಂತರ ನಕ್ಷತ್ರ ಒತ್ತೊತ್ತಾಗಿ,
ಅಂಗೈಯಲ್ಲಿ ಅದುಮಿ ಕಟ್ಟಿದ ಪುಂಡಿಯ ಹಾಗೆ,
ಸುತ್ತ ಮಾತ್ರ ಏನೂ ಇಲ್ಲ.
"ಅಲ್ಲೇ ಹುಟ್ಟಿದ್ದಾ ಟೀಚರ್?"
ಕೇಳಿದ್ದು ಇದೇ ಹುಡುಗಿ, ಫಾಯಿಝಾ.
ಅಷ್ಟರಲ್ಲಿ ಗಂಟೆ ಬಾರಿಸಿತು. ಉಪಕಾರವೇ ಆಯಿತು.

ಅಜ್ಜಿ ಕೊರಪೊಳು
ಜೆಪ್ಪುವಿನಲ್ಲಿ ಇಪ್ಪತ್ತೆರಡು ವರ್ಷ ಹಸಿ ಹಂಚು ಹೊತ್ತವರು.
ಓದಲು ಬಾರದು. ಆದರೆ ಕಬ್ಬಿಣದ ಅಚ್ಚಿನ ಮೇಲೆ
ಅಕ್ಷರ ಉಲ್ಟಾ ಇದ್ದರೆ ಗುರುತು ಸಿಗುತ್ತದೆ.
ಹಂಚನ್ನು ತೊಡೆಯ ಮೇಲಿಟ್ಟು
ಬೆರಳ ಗಂಟಿನಿಂದ ತಟ್ಟಿ, ಕಿವಿಗೊಟ್ಟು,
ಮುಕ್ಕಾದ ಮೂಲೆಯನ್ನು ಬೆಳಕಿಗೆ ಹಿಡಿದರು.
"ಬಿಳಿಚಿಕೊಂಡಿದೆ. ಕಬ್ಬಿಣ ಕಡಿಮೆಯ ಮಣ್ಣು.
ದೊಡ್ಡ ಕಾರ್ಖಾನೆಯದ್ದಾದರೆ ಒಳಗೂ ಕೆಂಪಿಗೆ ಕೆಂಪು.
ಇದು ಹೊಳೆಯಾಚೆ ತುದಿಯಲ್ಲಿ
ಒಂದೇ ಭಟ್ಟಿ ಇತ್ತಲ್ಲ, ಆ ಸಣ್ಣವರದ್ದು."
ಈಗ ಅದು?
"ದೊಡ್ಡವರು ನುಂಗಿ ಯಾವ ಕಾಲವಾಯಿತು!
ಯಂತ್ರ ಎಳೆದುಕೊಂಡರು, ಮಣ್ಣು ಎಳೆದುಕೊಂಡರು, ಆಳುಗಳನ್ನೂ.
ನಾನೂ ಹಾಗೆಯೇ ಜೆಪ್ಪುವಿಗೆ ಬಂದದ್ದು.
ಮೊದಲೇ ಮಂಜಿಗೆ ತುಂಬಿ ಹೋದದ್ದು ಮಾತ್ರ
ಅವರ ಕೈಗೆ ಸಿಗಲಿಲ್ಲ."

ರಾತ್ರಿ ಪುಸ್ತಕ ಬಿಡಿಸಿದೆ.
ಆ ಅಲೆಮಾರಿ ಗುಚ್ಛಗಳ ಬೆಳಕನ್ನು ಎಳೆ ಎಳೆ ಬಿಡಿಸಿದರೆ
ಹೆಚ್ಚಿನವಕ್ಕೆ ತುಸು ನೀಲಿ ಛಾಯೆ. ಕಬ್ಬಿಣ ಕಡಿಮೆ.
ದೊಡ್ಡ ಗ್ಯಾಲಕ್ಸಿಯ ನಡುಮನೆಯಲ್ಲಿ ಬೆಂದವಲ್ಲ,
ಅಂಚಿನವು, ಇಲ್ಲವೇ ಯಾವುದೋ ಕುಬ್ಜ ಗ್ಯಾಲಕ್ಸಿಯವು.
ದೊಡ್ಡದು ಹತ್ತಿರ ಸುಳಿದಾಗ ಉಬ್ಬರದ ಸೆಳೆತ,
ಸಣ್ಣದು ನೂಲು ನೂಲಾಗಿ ಹರಿದುಹೋಯಿತು.
ಉಂಡೆ ಬಿಗಿಯಿತ್ತು. ಒಡೆಯಲಿಲ್ಲ.
ಓದುತ್ತ ಓದುತ್ತ ನನಗೆ
ಉಪ್ಪಿನ ವಾಸನೆ.

"ಅಲ್ಲಿ ಹುಟ್ಟಿದ್ದಲ್ಲ," ಅಂದೆ ಮರುದಿನ ಫಾಯಿಝಾಗೆ.
"ಹಾಗಾದ್ರೆ ವಾಪಸು ಹೋಗ್ಬಹುದಲ್ವಾ?"
ಹೋಗಲು ಅದು ಇಲ್ಲ ಮಗಾ.
ಅವಳು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಕಚ್ಚಿದಳು.
"ನಮ್ಮ ಬಚ್ಚಲ ಮಾಡಿಗೆ ಒಂದು ಹಂಚು ಕಡಿಮೆ ಉಂಟು."
ಬೇರೆ ಭಟ್ಟಿಯದ್ದು ಬಾಯಿಗೆ ಬಾಯಿ ಕೂರುವುದಿಲ್ಲ
ಎಂದು ಅಜ್ಜಿ ಹೇಳಿದ್ದನ್ನು ನಾನು ಹೇಳಲಿಲ್ಲ.

ಹೇಗೂ ಅಜ್ಜಿ ಹಂಚು ಬಿಟ್ಟುಕೊಟ್ಟಿಲ್ಲ.
ಭಾನುವಾರ ಬೆಳಿಗ್ಗೆ ಪುಂಡಿಗೆ ಹಿಟ್ಟು ಕಲಸುತ್ತ
ಒಂದು ಉಂಡೆ ತೆಗೆದು, ತೊಳೆದ ಹಂಚಿನ ಬೆನ್ನಿಗೆ
ಒತ್ತಿ, ಮೆಲ್ಲ ಬಿಡಿಸಿದರು.
ಸವೆದುಳಿದ ಮೂರೂವರೆ ಅಕ್ಷರ, ಉಲ್ಟಾ.
"ಹಾಂ," ಅಂದರು, "ಈಗ ಸರಿ ಉಂಟು."
ಆಮೇಲೆ ಅದನ್ನೂ
ಉಳಿದವುಗಳ ಜೊತೆ ಹಬೆಗಿಟ್ಟರು.