ವಿಳಾಸದ ಖಾನೆ

ಲೆಸೊತೊದ ಈ ಬೆಟ್ಟಸಾಲಿನಲ್ಲಿ ಸಿಗ್ನಲ್ ಸಿಗುವುದು
ಒಂದೇ ಬಂಡೆಯ ಮೇಲೆ.
ಕೂತು ಕೂತು
ನನ್ನ ಕಂಬಳಿಯ ಅಂಚು ಸವೆದಿದೆ.

ಇವತ್ತು ಟ್ಯಾಬ್ಲೆಟ್ಟಿನಲ್ಲಿ ಕೆಂಪು ಚುಕ್ಕೆ:
ಲೆಟ್ಲಾಟ್ಸಾ, ವಯಸ್ಸು ಇಪ್ಪತ್ತೆರಡು, ಕ್ಷಯ,
ನಾಲ್ಕು ದಿನದಿಂದ ಗುಳಿಗೆ ನುಂಗಿದ ಗುರುತಿಲ್ಲ.
ರೋಗಿ ತಪ್ಪಿಸಿಕೊಂಡಿದ್ದಾನೆ, ಎನ್ನುತ್ತದೆ ಯಂತ್ರ.

ತಪ್ಪಿಸಿಕೊಂಡಿಲ್ಲ ಮಾರಾಯಾ,
ಕುರಿಗೆ ಹುಲ್ಲು ಮುಗಿಯಿತು, ಹೋದ.
ಅದನ್ನು ಬರೆಯಲು ಖಾನೆಯಿಲ್ಲ.
ಬೀದಿ ಕೇಳುತ್ತದೆ, ಮನೆ ನಂಬರು ಕೇಳುತ್ತದೆ;
ನಾನು ಒತ್ತಿದೆ:
ಮೂರನೇ ಹೊಳೆ ದಾಟಿ ಎಡಕ್ಕೆ,
ಕಲ್ಲಿನ ಗುಡಿಸಲು, ಒಂದು ಕಿವಿ ಹರಿದ ನಾಯಿ.
ಮೊದಲು ನಾಯಿಗೆ ಏನಾದರೂ ಹಾಕಿ.

ಚಕ್ರ ಸುತ್ತಿತು, ನಿಂತಿತು, ಮತ್ತೆ ಸುತ್ತಿತು.
ಬೆರಳು ಮರಗಟ್ಟುವ ಹೊತ್ತಿಗೆ
ಹೋಯಿತು.

ಆಚೆ ಕಣಿವೆಯಲ್ಲಿ ಯಾರೋ ಒಬ್ಬಳಿದ್ದಾಳೆ,
ಹೆಸರು ಎಂ. ಪಿ. ಅಂತಷ್ಟೇ ಗೊತ್ತು.
ಎರಡು ವರ್ಷದಿಂದ ಒಬ್ಬರಿಗೊಬ್ಬರು
ರೋಗಿಗಳನ್ನು ದಾಟಿಸುತ್ತಿದ್ದೇವೆ,
ಒರತೆಯ ಬಳಿ ತುಂಬಿದ ಕೊಡ ದಾಟಿಸಿದ ಹಾಗೆ,
ತುಳುಕದಂತೆ.
ಮುಖ ನೋಡಿಲ್ಲ.

ಮರುದಿನ ಹಿಮ.
ಜಿಲ್ಲಾಸ್ಪತ್ರೆಯಿಂದ ಒಂದೇ ಸಾಲು:
ವಿಳಾಸ ಸ್ಪಷ್ಟವಿಲ್ಲ.
ಅದರ ಮರುದಿನವೂ ಹಿಮ,
ಬಂಡೆಯೇ ಕಾಣಲಿಲ್ಲ.

ಮೂರನೇ ದಿನ ಹತ್ತಿದೆ, ಕೈಯಿಂದ ಹಿಮ ಬಳಿದು ಕೂತೆ.
ಚುಕ್ಕೆ ಹಸಿರಾಗಿತ್ತು. ಕೆಳಗೆ ಅವಳ ಬರಹ:

ಗುಳಿಗೆ ಕೊಟ್ಟೆ, ನನ್ನ ಕಣ್ಣೆದುರೇ ನುಂಗಿದ.
ತೂಕ ನಲವತ್ತೊಂಬತ್ತು. ಕೆಮ್ಮು ಇದೆ, ರಕ್ತವಿಲ್ಲ.
ತಿಂಗಳ ಗುಳಿಗೆ ಗೋಡೆಯ ಸಂದಿಯಲ್ಲಿಟ್ಟಿದ್ದೇನೆ.
ನಾಯಿಗೆ ಈಗ ಎರಡು ಕಿವಿಯೂ ಹರಿದಿವೆ,
ತಿದ್ದಿಕೊಳ್ಳಿ.