ಎಡದ ತಟ್ಟಿ

ಕರೆಂಟಿನ ತಕ್ಕಡಿ ಇನ್ನೂ ಬಂದಿರದ ಕಾಲ.
ಶಹಾಪುರದ ಸರಾಫ ಗಲ್ಲಿಯೊಳಗ
ಅಪ್ಪನ ಗಾದಿಮ್ಯಾಲ ನಾನು, ಮೋನಪ್ಪ ಪತ್ತಾರ.
ಮಟಮಟ ಮಧ್ಯಾಹ್ನ ಬಂದವರು ಇಮಾಮಸಾಬ ಕಿಲ್ಲೇದಾರ,
ಕ್ಯಾಂಪಿನೊಳಗ ಇಪ್ಪತ್ತೆಂಟು ವರ್ಷ
ಬಂದೂಕು ರಿಪೇರಿ ಮಾಡಿ ಪೆನ್ಶನ್ ತಗೊಂಡವರು.
ಲೈಸೆನ್ಸಿನ ಕಾಗದ ಮೊದಲ ತೋರಿಸಿದರು,
ಆಮ್ಯಾಲ ಕೇಳಿದರು: "ನಿನ್ನ ತಕ್ಕಡಿ ಬೇಕು.
ಬಂಗಾರಕ್ಕಲ್ಲ, ಮದ್ದಿಗೆ."

ನಾ ನಕ್ಕೆ. ಅವರು ನಗಲಿಲ್ಲ.

ಹಿತ್ತಾಳಿ ಕೊಳವಿ ಒಂದೊಂದ ಒರಿಸಿ,
ಉದ್ದ ಅಳೆದು, ಹೆಚ್ಚಾದದ್ದು ಕೆರೆದು,
ಸೀಸದ ಗುಂಡು ತೂಕದ ಪ್ರಕಾರ ಬ್ಯಾರೆ ಬ್ಯಾರೆ ಬಟ್ಟಲಕ್ಕ,
ನಮ್ಮವ್ವ ಅಕ್ಕಿ ಆರಿಸಿದಂಗ.
ಮದ್ದು ತೂಗುವಾಗ ಉಸಿರು ಹಿಡಿಯೋರು.
ಫ್ಯಾನ್ ಬಂದ್. ನನ್ನ ಮಾತೂ ಬಂದ್.
ಬೀಡಿ ಅಂತೂ ರಸ್ತೆದಾಚಿ.
ಕಾಲು ಗುಂಜಿ ಏರಿಸಿ ಐದು, ಮತ್ತ ಕಾಲು ಏರಿಸಿ ಐದು,
ಪ್ರತಿಯೊಂದರ ತಳಕ್ಕೂ ಮಸಿಯ ನಂಬರು.
"ಒಮ್ಮಿಗೆ ಒಂದ ಬದಲ ಮಾಡಬೇಕು, ಮೋನಪ್ಪ.
ಎರಡು ಬದಲ ಮಾಡಿದರ
ಯಾವುದು ಸುಳ್ಳು ಹೇಳತೈತಿ ಗೊತ್ತಾಗೂದಿಲ್ಲ."

ಐತವಾರ, ಗುಡ್ಡದ ಹಿಂದಿನ ಚಾಂದಮಾರಿ.
ಸಾಲಿಯ ಹಳೇ ನಕಾಶೆಯ ಬೆನ್ನಿಗೆ ಬರೆದ ಕಪ್ಪು ಬೊಟ್ಟು.
ಒಂದು ಹೊಡೆದು, ದುರ್ಬೀನಿನೊಳಗ ನೋಡಿ ಬರಕೊಂಡು,
ನಳಗಿ ಆರೋತನಕ ಸುಮ್ಮನ ಕೂಡೋರು.
ನಾ ಶೇಂಗಾ ಸುಲಿಯಾಂವ.
ತೂತಿನ ಗುಂಪು ಅಳಿಯಾಕ ನಾನ ಕೊಟ್ಟ ಮಾಪು:
ಮೊದಲನೇ ವಾರ ಐದೂ ತೂತು ಒಂದು ಬಳಿಯೊಳಗ,
ದೀಪಾವಳಿ ಹೊತ್ತಿಗೆ ಉಂಗುರದೊಳಗ.
ಒಂದು ದಿನ ಹಸಿ ಗಾಳಿ, ಐದೂ
ಒಂದು ನತ್ತಿನೊಳಗ ಹಿಡಿದವು!
ನಾ ಕುಣಿದೆ. ಅವರು ವಹಿಯೊಳಗ ಬರೆದರು:
"ಒಮ್ಮೆ ಬಂದೈತಿ. ಮತ್ತ ಬರಲಿ."

ಬರಲಿಲ್ಲ.
ಬಂದದ್ದು ಬ್ಯಾರೇನ:
ಕೆಳಗ ಮೂರು, ಮ್ಯಾಲ ಎರಡು,
ನಡುವ ಒಂದು ಬೆರಳು ಖಾಲಿ ಕಾಗದ.
"ಗಾಳಿ ಆಗಿದ್ದರ ಆಜೂಬಾಜೂ ಸರೀತಿತ್ತು,
ಇದು ಮದ್ದಿನ ಮಾತು."
ಮತ್ತ ಅದನ್ನ ಮಾಡಿದರು. ಮತ್ತ ಹಂಗ.
ಮೂರನೇ ಸಲವೂ ಹಂಗ.
ಆಮ್ಯಾಲ ನಂಬರು ತಾಳೆ ನೋಡಿದರು.
ಮ್ಯಾಲಿನ ಎರಡೂ ನಾ ತೂಗಿದ್ದು,
ಅವರ ಕಣ್ಣಾಗ ನೀರಾಡಿದಾಗ.

"ಹೆಂಗ ತೂಗಿದಿ?"
"ನಿಮ್ಮಂಗ."
"ಯಾವ ತಟ್ಟಿಯೊಳಗ?"

ಬರೂ ಮಾಲು ಎಡಕ್ಕ, ಹೋಗೂ ಮಾಲು ಬಲಕ್ಕ.
ಅಪ್ಪ ಕಲಿಸಿದ ಶಾಸ್ತ್ರ,
ಹತ್ತು ವರ್ಷದ ಹುಡುಗನ ಕೈಯೊಳಗ ಕೂತದ್ದು.

ಅದ ಚಿಟಿಕಿ ಮದ್ದು ಎಡಕ್ಕ ಇಟ್ಟರು, ಬಲಕ್ಕ ಇಟ್ಟರು.
ಮುಳ್ಳು ಎರಡು ಮಾತು ಆಡಿತು.
ವಹಿಯೊಳಗ ಸಣ್ಣಗ: "ದೋಷ: ತಕ್ಕಡಿ."
ಯಾವಾಗಿಂದ ಅಂತ ಕೇಳಲಿಲ್ಲ.
ಕೇಳಿದ್ದರ ಚಲೋ ಇತ್ತು.

ಆ ರಾತ್ರಿ ಕಪಾಟ ತೆಗೆದೆ.
ಕೆಂಪು ಅರಿವಿ ಸುತ್ತಿದ ಮೂವತ್ತೊಂದು ವಹಿ.
ಯಾರದೋ ಪುತಳಿ ಸರ, ಯಾರದೋ ಬುಗುಡಿ,
ಗುಂಜಿಗುಂಜಿಯ ಲೆಕ್ಕ, ಅಪ್ಪನ ಮುತ್ತಿನಂಥಾ ಅಕ್ಷರ.
ಕೂಡಿಸಾಕ ಹತ್ತಿದೆ.
ಬೆಳಗಾದರೂ ಒಂದು ವಹಿ ಮುಗೀಲಿಲ್ಲ.

ಮುಂದಿನ ಐತವಾರ ಎಲ್ಲಾ ಬಲದ ತಟ್ಟಿ.
ಐದೂ ನತ್ತಿನೊಳಗ. ಅದರ ಮುಂದಿನ ವಾರವೂ.
ಸಾಬರು ಪೇಡೆ ತಂದರು, ನಾ ಅರ್ಧ ತಿಂದು ಇಟ್ಟೆ.

ಸೋಮವಾರ ವಡಗಾಂವದಿಂದ ಒಬ್ಬಾಕಿ ಬಂದಳು,
ಮಗ್ಗದ ನೂಲು ಇನ್ನೂ ಸೆರಗಿಗೆ ಅಂಟಿತ್ತು.
ಸರದಾಗಿನ ಹನ್ನೊಂದು ಬಂಗಾರದ ಗುಂಡು ಮಾರೂದಿತ್ತು.
ಕೈ ತಾನ ಎಡಕ್ಕ ಹೊಂಟಿತ್ತು.

ಫ್ಯಾನ್ ಬಂದ್ ಮಾಡಿದೆ.
ಎಡಕ್ಕ ತೂಗಿದೆ. ತೆಗೆದು ಬಲಕ್ಕ ಇಟ್ಟೆ.
"ಯಾಕ್ರೀ, ಎರಡೆರಡು ಸಲ?" ಅಂದಳು.
"ಸ್ವಲ್ಪ ಉಸಿರು ಹಿಡಿ ತಂಗಿ," ಅಂದೆ,
"ಮುಳ್ಳು ನಿಂದರಲಿ."