ನೆಲ ಕರಗುವ ತನಕ

ಫಿನ್ಲೆಂಡಿನ ಬಡಗಣ ಮೂಲೆಯಲ್ಲಿ, ಜನವರಿಯಲ್ಲಿ,
ಸಾಯುವುದು ಸುಲಭ; ಹೂಳುವುದು ಕಷ್ಟ.
ನೆಲ ಮೂರಡಿ ಆಳದವರೆಗೆ ಕಲ್ಲು.
ಹಾರೆ ಹಾಕಿದರೆ ಕಿಡಿ ಹಾರುತ್ತದೆ, ಮಣ್ಣು ಏಳುವುದಿಲ್ಲ.

ಅದಕ್ಕೇ ಏವೆರ್ಟಿ ಮೊದಲು ಬೆಂಕಿ ಹಾಕುತ್ತಾನೆ.
ಆರಡಿ ಉದ್ದಕ್ಕೆ ಬರ್ಚ್ ಕೊರಡು ಜೋಡಿಸಿ,
ಮೇಲೆ ತಗಡು ಮುಚ್ಚಿ,
ಎರಡು ಗಂಟೆಗೊಮ್ಮೆ ಎದ್ದು ಬಂದು ಕೆದಕಿ, ಉಣಿಸಿ,
ಹಸುಗೂಸಿಗೆ ಹಾಲೂಡುವ ಬಾಣಂತಿಯ ಹಾಗೆ
ಕಣ್ಣು ಕೆಂಪಗೆ ಮಾಡಿಕೊಂಡು
ಮೂರು ರಾತ್ರಿ.

ಈ ಸಲ ಸತ್ತವನಿಗೆ ಹೆಸರಿಲ್ಲ.
ರೈಲು ಹಳಿಯ ಪಕ್ಕ ಸಿಕ್ಕಿದ, ಬರಿಗಾಲಲ್ಲಿ,
ಜೇಬಿನಲ್ಲಿ ಅರ್ಧ ಬ್ರೆಡ್ಡು, ಒಂದು ಚಮಚ.
ಅವನಿಗಿಂತಲೂ ಹೆಚ್ಚು ಚಳಿಯಾಗಿದ್ದವರು ಯಾರೋ
ಬೂಟು ಒಯ್ದಿರಬೇಕು.

ನಾನು ಈ ಊರಿನ ಪಾದ್ರಿ.
ಕಿಟಕಿಯ ಒಳಗೆ ಕೂತು ಭಾನುವಾರದ ಪ್ರಸಂಗ ಬರೆಯುತ್ತಿದ್ದೆ:
ಮನುಷ್ಯ ರಕ್ಷಣೆ ಹೊಂದುವುದು ನಂಬಿಕೆಯಿಂದ,
ಕೈಯ ದುಡಿಮೆಯಿಂದಲ್ಲ.
ಬರೆದದ್ದು ಸುಳ್ಳಲ್ಲ. ಈಗಲೂ ಅಲ್ಲ ಅನ್ನುತ್ತೇನೆ.
ಆದರೆ ‘ಕೈ’ ಎಂದು ಬರೆದವನು ತಲೆಯೆತ್ತಿದೆ;
ಹೊರಗೆ, ಬೆಂಕಿಯ ಮುಂದೆ, ಎರಡು ಕೈ ಕಂಡವು.

ಏವೆರ್ಟಿ ಚರ್ಚಿನ ಒಳಗೆ ಬರುವವನಲ್ಲ.
ಹೆಂಡತಿ ಹೆರಿಗೆಯಲ್ಲಿ ಹೋದ ವರ್ಷವೇ ಹೇಳಿದ್ದ:
“ಪಾದ್ರಿಗಳೇ, ನಿಮ್ಮ ದೇವರ ಹತ್ತಿರ ಮಾತು ಬಿಟ್ಟಿದ್ದೇನೆ.
ಗುಂಡಿ ತೋಡುತ್ತೇನೆ. ಅದನ್ನು ಬಿಡುವುದಿಲ್ಲ.”
ಕೈ ಕೆಸರಾಗಿ ಮೂವತ್ತು ವರ್ಷವಾಯಿತು,
ಬಾಯಿಗೆ ಮೊಸರು ಬಿದ್ದದ್ದು ನಾನು ಕಂಡಿಲ್ಲ.

ಕೋಟು ಹಾಕಿಕೊಂಡು ನಾನು ಹೊರಬಿದ್ದದ್ದು
ಅವನ ನೆರವಿಗಲ್ಲ, ಹೇಳಿಬಿಡುತ್ತೇನೆ.
ಸೈಮಿ ಅಜ್ಜಿಗೆ ಪ್ರಭುಭೋಜನ ಕೊಡುವುದಿತ್ತು.

ಅವಳದು ಹನ್ನೊಂದು ವರ್ಷದ ಹಾಸಿಗೆ.
ಬೆರಳು ಬೇರಿನ ಹಾಗೆ ಸೊಟ್ಟ;
ರೊಟ್ಟಿಯ ಚೂರನ್ನು ನಾನೇ ನಾಲಿಗೆಗೆ ಇಡಬೇಕು.
ಒಳ್ಳೆಯ ಕೆಲಸಗಳ ಲೆಕ್ಕ ಬರೆದರೆ ಅವಳ ಪುಟ ಖಾಲಿ.
ಆದರೂ ಆ ಕೋಣೆಗೆ ಹೋದಾಗಲೆಲ್ಲ
ಸಾಲ ಕೇಳಲು ಬಂದವನಂತೆ ನಿಲ್ಲುತ್ತೇನೆ.

“ಹೊಗೆ ವಾಸನೆ,” ಅಂದಳು, “ಯಾರಿಗೆ ತೋಡುತ್ತಿದ್ದಾನೆ?”
ಹೇಳಿದೆ. ಬರಿಗಾಲು ಅಂದದ್ದಕ್ಕೆ ಕಣ್ಣು ಮುಚ್ಚಿದಳು.
ಪ್ರಾರ್ಥನೆಯೇನೋ ಎಂದು ಟೋಪಿ ತೆಗೆದೆ.
“ಕಪಾಟಿನ ಕೆಳಗಿನ ಖಾನೆ. ಬೂದು ಕಾಲುಚೀಲ.
ಹಿಮ್ಮಡಿಗೆ ಕೆಂಪು ಗೆರೆ ಇರುವುದು.”

ಆ ಜೋಡಿ ಯಾರದೆಂದು ಊರಿಗೆಲ್ಲ ಗೊತ್ತು.
ಯುದ್ಧಕ್ಕೆ ಹೋದ ಮಗನಿಗೆ ಹೆಣೆದದ್ದು,
ಅಂಚೆಯಲ್ಲಿ ಹೋಗಿ
ಅಂಚೆಯಲ್ಲೇ ವಾಪಸು ಬಂದದ್ದು.

“ಗಡಿಯ ಆಚೆಯವನಿರಬಹುದು,” ಅಂದೆ ಮೆಲ್ಲಗೆ.
“ಆಚೆಯವರಿಗೆ ಚಳಿ ಬೇರೆಯೇ?”
ಆಮೇಲೆ, ಬಹಳ ಹೊತ್ತಿನ ಮೇಲೆ:
“ನನಗೆ ಇಷ್ಟವಿಲ್ಲ, ಪಾದ್ರಿಗಳೇ.
ತಗೊಂಡು ಹೋಗಿ ಬೇಗ, ನಾನು ಬೇಡ ಅನ್ನುವ ಮೊದಲು.”

ಶವದ ಕೋಣೆಯಲ್ಲಿ ನಾನು ಲಾಟೀನು ಹಿಡಿದೆ.
ಏವೆರ್ಟಿ ಮಂಡಿಯೂರಿ
ಮರಗಟ್ಟಿದ ಪಾದವನ್ನು ಅಂಗೈಗೆ ತಗೊಂಡು
ಬೆರಳು ಬೆರಳನ್ನೂ ಒರೆಸಿ,
ಕೆಂಪು ಗೆರೆ ಹಿಮ್ಮಡಿಗೆ ಸರಿಯಾಗಿ ಕೂರುವ ತನಕ ಎಳೆದ.
ಸತ್ತವನಿಗೆ ಬಿಗಿಯಾದೀತೆಂದು
ಮೇಲಂಚಿಗೆ ಎರಡು ಬೆರಳು ಹಾಕಿ ಸಡಿಲಿಸಿದ.

ಯಾರ ನಂಬಿಕೆ ಅದು, ಯಾರ ಕ್ರಿಯೆ?
ಕೈಲಾಗದವಳ ನಂಬಿಕೆ, ನಂಬದವನ ಕೈಯಲ್ಲಿ
ಅಪರಿಚಿತನ ಕಾಲಿನವರೆಗೆ ನಡೆದುಬಂತೆ?
ಪ್ರೀತಿ ಎನ್ನೋಣವೆಂದರೆ
ಅವಳು ಇಷ್ಟವಿಲ್ಲ ಅಂದಿದ್ದಳಲ್ಲ.
ದೇವಶಾಸ್ತ್ರ ಓದಿದ ನಾನು
ದೀಪ ಅಲುಗದಂತೆ ನೋಡಿಕೊಂಡೆ, ಅಷ್ಟೆ.

ಆ ರಾತ್ರಿ ಎರಡು ಗಂಟೆಯ ಸರದಿ ನಾನು ತೆಗೆದುಕೊಂಡೆ.
ಕೊರಡು ಜೋಡಿಸಲು ಬರದೆ ಬರೀ ಹೊಗೆ ಎಬ್ಬಿಸಿದೆ;
ಏವೆರ್ಟಿ ಬೈದ, ಕಿತ್ತು ಮತ್ತೆ ಜೋಡಿಸಿದ, ಕಾಫಿ ಕೊಟ್ಟ.
ಬೆಳಗಿನ ಜಾವ ತಗಡು ಎತ್ತಿದಾಗ
ನೆಲದಿಂದ ಆವಿ ಎದ್ದಿತು,
ಕೊಟ್ಟಿಗೆಯ ದನ ಉಸಿರು ಬಿಟ್ಟ ಹಾಗೆ.
ಹಾರೆ ಇಳಿಯಿತು.

ಭಾನುವಾರ ಅದೇ ಪ್ರಸಂಗ ಓದಿದೆ,
ಒಂದು ಪದವನ್ನೂ ಬದಲಿಸದೆ.
ಓದುತ್ತ ತೋಳೆತ್ತಿದಾಗ ನಿಲುವಂಗಿ ಹೊಗೆ ನಾರಿತು.
ಮುಂದಿನ ಸಾಲಿನ ಹೆಂಗಸೊಬ್ಬಳು
ಕರವಸ್ತ್ರ ತೆಗೆದು ಮೂಗು ಮುಚ್ಚಿಕೊಂಡಳು.